ಶಾಲೆಗಳ ಪೈಪೋಟಿ ಮತ್ತು ಪಾಲಕರ ಆಯ್ಕೆ: ಅದರಿಂದ ಬೆಳೆಯುವ ಅಸಮಾನತೆಯನ್ನು ನಿಮ್ಮ ಊರಿನಲ್ಲಿ ಗುರುತಿಸಿ ತಗ್ಗಿಸುವ ಬಗೆ

ಅಥಣಿ, ಜಮಖಂಡಿ, ಇಂಡಿ ತಾಲ್ಲೂಕುಗಳ ಹಳ್ಳಿಗಳಿಗೂ ಈಗ ಇಂಗ್ಲಿಷ್ ಮಾಧ್ಯಮ ಶಾಲೆಗಳ ವಾಹನಗಳು ಬರುತ್ತವೆ. ಮಗುವನ್ನು ಎಲ್ಲಿಗೆ ಸೇರಿಸಬೇಕು ಎಂಬ ಪ್ರಶ್ನೆ ಪಟ್ಟಣದವರದ್ದಷ್ಟೇ ಆಗಿ ಉಳಿದಿಲ್ಲ. ತೋಟದ ವಸ್ತಿಯ ಒಕ್ಕಲು ಮನೆತನಗಳು, ನೇಕಾರರು, ದಿನಗೂಲಿಯವರು ಕೂಡ ಪ್ರತಿ ಬೇಸಿಗೆಯಲ್ಲಿ ಆ ಲೆಕ್ಕ ಹಾಕುತ್ತಾರೆ. ಪಾಲಕರಿಗೆ ಆಯ್ಕೆ ಇದ್ದರೆ ಶಾಲೆಗಳು ಪೈಪೋಟಿಗೆ ಇಳಿಯುತ್ತವೆ, ಆ ಪೈಪೋಟಿಯಿಂದ ಎಲ್ಲ ಶಾಲೆಗಳೂ ಸುಧಾರಿಸುತ್ತವೆ ಎಂಬುದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಮುಂದಿಟ್ಟ ವಾದ. ಅದು ನಿಲ್ಲಬೇಕಾದರೆ ಎಲ್ಲ ಮನೆಯವರಿಗೂ ಶಾಲೆ ಬದಲಿಸುವ ಶಕ್ತಿ ಇರಬೇಕು, ಶಾಲೆಯು ತನಗೆ ಬೇಕಾದ ಮಕ್ಕಳನ್ನಷ್ಟೇ ಆರಿಸಿಕೊಳ್ಳುವಂತಿರಬಾರದು, ಯಾವ ಶಾಲೆಯಲ್ಲಿ ಕಲಿಕೆ ಚೆನ್ನಾಗಿದೆ ಎಂಬುದು ಹೊರಗಿನವರಿಗೂ ಕಾಣುವಂತಿರಬೇಕು. ನಮ್ಮ ಭಾಗದಲ್ಲಿ ಈ ಮೂರರಲ್ಲಿ ಒಂದೂ ಪೂರ್ತಿಯಾಗಿಲ್ಲ. ಆದ್ದರಿಂದ ಪೈಪೋಟಿಯು ನಿಮ್ಮ ಊರಿನಲ್ಲಿ ಶಾಲೆಗಳನ್ನು ಸುಧಾರಿಸುತ್ತಿದೆಯೋ ಅಥವಾ ಮಕ್ಕಳನ್ನು ವಿಂಗಡಿಸುತ್ತಿದೆಯೋ ಎಂಬುದನ್ನು ಊರಿನವರೇ ಎಣಿಸಿ ನೋಡಬೇಕಾಗುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಶಿಕ್ಷಕರು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಯುವಕ ಸಂಘದವರು ಸೇರಿ ಒಂದು ಶೈಕ್ಷಣಿಕ ವರ್ಷದಲ್ಲಿ ಮಾಡಬಹುದಾದ ಕೆಲಸವನ್ನು ಇಲ್ಲಿ ವಿವರಿಸಿದ್ದೇನೆ.

ಎಣಿಸುವ ಮೊದಲು ತಿಳಿದಿರಬೇಕಾದದ್ದು

ಮಕ್ಕಳು ಬಿಟ್ಟುಹೋದ ಶಾಲೆ ಎಚ್ಚೆತ್ತುಕೊಂಡು ಸುಧಾರಿಸುವುದಕ್ಕಿಂತ ಮೊದಲೇ ಬಡವಾಗುತ್ತದೆ, ಮತ್ತು ಇದಕ್ಕೆ ಕಾರಣ ನಿಯಮದಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. 95 ಮಕ್ಕಳಿರುವ ಶಾಲೆಯೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ 40 ಮಕ್ಕಳು ವಾಹನ ಹತ್ತಿ ಹೊರಗಿನ ಶಾಲೆಗೆ ಹೋದರೆ ಉಳಿಯುವವರು 55. ಆಗ ಆ ಶಾಲೆಗೆ ಈ ಲೆಕ್ಕದಲ್ಲಿ ಸಿಗುವುದು ಇಬ್ಬರು ಶಿಕ್ಷಕರು ಮಾತ್ರ, ಉಳಿದಿಬ್ಬರು ಹೆಚ್ಚುವರಿ ಎನಿಸಿಕೊಂಡು ಬೇರೆಡೆಗೆ ಹೋಗಬೇಕಾಗುತ್ತದೆ. ಐದು ತರಗತಿಗಳನ್ನು ಇಬ್ಬರು ನೋಡಿಕೊಳ್ಳುವ ಶಾಲೆಯನ್ನು ಕಂಡ ಪಾಲಕರು ಮರುವರ್ಷ ಇನ್ನಷ್ಟು ಮಕ್ಕಳನ್ನು ಬಿಡಿಸುತ್ತಾರೆ. ಅಂಗಡಿಯೊಂದು ಗಿರಾಕಿ ತಪ್ಪಿದಾಗ ಬೆಲೆ ಇಳಿಸಿ, ಸರಕು ಬದಲಿಸಿ ಮತ್ತೆ ಗಿರಾಕಿಯನ್ನು ಕರೆಯಬಲ್ಲದು. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ಶಿಕ್ಷಕರನ್ನು ನೇಮಿಸಿಕೊಳ್ಳುವ ಅಧಿಕಾರವೂ ಇಲ್ಲ, ವಾಹನ ಓಡಿಸುವ ಹಣವೂ ಇಲ್ಲ.

ಇನ್ನೊಂದು ನಷ್ಟ ಯಾವ ದಾಖಲೆಯಲ್ಲೂ ಬರುವುದಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ತೋರಿಸಿದಂತೆ, ಗುಣಮಟ್ಟ ಕುಸಿದಾಗ ಮೊದಲು ಹೊರಡುವವರು ಅದರ ಬಗ್ಗೆ ಅತಿ ಹೆಚ್ಚು ಕಾಳಜಿ ಇರುವವರು, ಅಂದರೆ ಅಲ್ಲೇ ಉಳಿದಿದ್ದರೆ ಗಟ್ಟಿಯಾಗಿ ದನಿಯೆತ್ತುತ್ತಿದ್ದವರು. ನಮ್ಮ ಹಳ್ಳಿಗಳಲ್ಲಿ ಇವರು ಗ್ರಾಮ ಪಂಚಾಯಿತಿ ಸದಸ್ಯರು, ಅಂಗಡಿಕಾರರು, ನೀರಾವರಿ ಜಮೀನಿನವರು, ಸರ್ಕಾರಿ ನೌಕರರು, ಅನೇಕ ಕಡೆ ಅದೇ ಶಾಲೆಯ ಶಿಕ್ಷಕರು. ತಮ್ಮ ಮಗು ಅಲ್ಲಿ ಓದದಿದ್ದಾಗ ಶೌಚಾಲಯಕ್ಕೆ ನೀರಿಲ್ಲ, ಗಣಿತದ ಶಿಕ್ಷಕರಿಲ್ಲ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೆಟ್ಟಿಲು ಹತ್ತುವ ಕಾರಣ ಅವರಿಗೆ ಉಳಿಯುವುದಿಲ್ಲ. ಅವರನ್ನು ದೂಷಿಸುವುದು ಈ ಕೆಲಸದ ಉದ್ದೇಶವಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡಬೇಕು. ತನ್ನ ಮಗುವಿಗೆ ಒಳ್ಳೆಯದಾಗಲಿ ಎಂದು ಆಯ್ಕೆ ಮಾಡಿದ ತಾಯಿ ತಪ್ಪಿತಸ್ಥಳಲ್ಲ; ಒಬ್ಬೊಬ್ಬರಿಗೂ ಸರಿಯೆನಿಸಿದ ನೂರು ಆಯ್ಕೆಗಳು ಸೇರಿ ಊರಿಗೆ ಏನು ಮಾಡಿವೆ ಎಂಬುದು ನಮ್ಮ ಪ್ರಶ್ನೆ.

ಯಾರನ್ನು, ಯಾವಾಗ ಎಣಿಸಬೇಕು

ದಾಖಲಾತಿ ಮುಗಿಯುವ ಜುಲೈ ತಿಂಗಳು ಮೊದಲ ಎಣಿಕೆಗೆ ಸೂಕ್ತ. ಶಾಲೆಯಿಂದ ಎಣಿಕೆ ಶುರು ಮಾಡಬೇಡಿ, ಮಕ್ಕಳಿಂದ ಶುರು ಮಾಡಿ, ಏಕೆಂದರೆ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಹೊರಗೆ ಹೋದವರ ಹೆಸರು ಸಿಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರು ಮಾಡುವ ಮನೆಮನೆ ಸಮೀಕ್ಷೆಯಲ್ಲಿ ಆರು ವರ್ಷದೊಳಗಿನ ಪ್ರತಿ ಮಗುವಿನ ಲೆಕ್ಕವಿರುತ್ತದೆ. ಕೆಲವು ವರ್ಷ ಹಿಂದಿನ ಪುಸ್ತಕ ನೋಡಿದರೆ ಈಗ ಒಂದರಿಂದ ಐದನೆಯ ತರಗತಿಯಲ್ಲಿ ಇರಬೇಕಾದ ಮಕ್ಕಳು ಯಾರು ಎಂಬುದು ತಿಳಿಯುತ್ತದೆ. ಆ ಪಟ್ಟಿಯೊಡನೆ ಮನೆಗಳಿಗೆ ಹೋಗಿ.

ತೋಟದ ವಸ್ತಿಗಳನ್ನೂ ತಾಂಡಾಗಳನ್ನೂ ಬಿಡದೆ ಎಣಿಸಬೇಕು. ರಾಯಬಾಗ, ಅಥಣಿ, ಜಮಖಂಡಿ ಕಡೆಗಳಲ್ಲಿ ತೋಟದ ಶಾಲೆಗಳು ಚಿಕ್ಕವು. ಹತ್ತಾರು ಮಕ್ಕಳಲ್ಲಿ ಐದಾರು ಮಂದಿ ಹೊರಗೆ ಹೋದರೂ ಅವುಗಳ ಸ್ಥಿತಿ ಬದಲಾಗುತ್ತದೆ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಕಬ್ಬು ಕಡಿಯಲು ಮತ್ತು ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ ಕಡೆಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಜುಲೈನಲ್ಲಿ ಹಾಜರಿರುತ್ತಾರೆ, ದೀಪಾವಳಿ ಕಳೆದ ಮೇಲೆ ಕಾಣಿಸುವುದಿಲ್ಲ. ಆದ್ದರಿಂದ ಜನವರಿಯಲ್ಲಿ ಎರಡನೆಯ ಎಣಿಕೆ ಬೇಕೇ ಬೇಕು. ಪೈಪೋಟಿಯ ಮಾತಿನಲ್ಲಿ ಈ ಮಕ್ಕಳು ಎಲ್ಲೂ ಬರುವುದಿಲ್ಲ, ಏಕೆಂದರೆ ಅವರನ್ನು ಸೇರಿಸಿಕೊಳ್ಳಲು ಯಾವ ಶಾಲೆಯೂ ಪೈಪೋಟಿ ನಡೆಸುವುದಿಲ್ಲ.

ಮಕ್ಕಳು ಹೋಗುವ ಪ್ರತಿಯೊಂದು ಶಾಲೆಗೂ 29ರಿಂದ ಆರಂಭವಾಗುವ 11 ಅಂಕಿಗಳ ಯು-ಡೈಸ್ ಸಂಖ್ಯೆ, ಅಂದರೆ ಸರ್ಕಾರ ಶಾಲೆಯನ್ನು ಗುರುತಿಸುವ ಸಂಖ್ಯೆ, ಇರುತ್ತದೆ. ಅದರ ಮೂಲಕ ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಆ ಶಾಲೆಯ ಆಡಳಿತ, ಕೊಠಡಿಗಳು, ಶಿಕ್ಷಕರು, ದಾಖಲಾತಿ ಮುಂತಾದ ವಿವರಗಳನ್ನು ನೋಡಬಹುದು. ಚಿಕ್ಕೋಡಿಯು ಬೆಳಗಾವಿ ಕಂದಾಯ ಜಿಲ್ಲೆಯೊಳಗಿದ್ದರೂ ಬೇರೆಯೇ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ಆ ಭಾಗದವರು ಅಂಕಿಅಂಶ ಕೇಳುವಾಗ ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿಗೆ ಹೋಗಬೇಕು.

ಮನೆಯಲ್ಲಿ ಏನು ಕೇಳಬೇಕು

ಪ್ರಶ್ನೆಗಳು ಆಡುಮಾತಿನಲ್ಲಿರಲಿ. "ಅಕ್ಕಾರ, ನಿಮ್ಮ ಹುಡುಗರು ಯಾವ್ಯಾವ ಸಾಲಿಗೆ ಹೊಕ್ಕಾರ್ರಿ? ಆ ಸಾಲಿಗೇ ಯಾಕ ಹಾಕಿದ್ರಿ?" ಎಂದು ಕೇಳಿದರೆ ಸಿಗುವ ಉತ್ತರ ಅಚ್ಚಾದ ನಮೂನೆಗೆ ಸಿಗುವುದಿಲ್ಲ. ಎರಡನೆಯ ಪ್ರಶ್ನೆಯ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಇಂಗ್ಲಿಷ್ ಬರಲಿ ಎಂದು, ಮನೆ ಬಾಗಿಲಿಗೆ ಗಾಡಿ ಬರುತ್ತದೆ ಎಂದು, ಎಲ್‌ಕೆಜಿ ಅಲ್ಲಿ ಮಾತ್ರ ಇತ್ತು ಎಂದು, ನೆಂಟರ ಮಕ್ಕಳು ಅಲ್ಲಿದ್ದಾರೆ ಎಂದು ಪಾಲಕರು ಹೇಳುವುದುಂಟು. ಅಲ್ಲಿ ಗಣಿತ ಚೆನ್ನಾಗಿ ಕಲಿಸುತ್ತಾರೆ ಎಂದು ಎಷ್ಟು ಮಂದಿ ಹೇಳಿದರು ಎಂಬುದನ್ನು ಬೇರೆಯಾಗಿ ಗುರುತಿಸಿ. ಕಲಿಸುವಿಕೆಯನ್ನು ಕಾರಣವಾಗಿ ಹೇಳುವವರು ವಿರಳವಾಗಿದ್ದರೆ, ಶಾಲೆಗಳು ಪೈಪೋಟಿ ನಡೆಸುತ್ತಿರುವುದು ಸಮವಸ್ತ್ರ, ಮಾಧ್ಯಮ ಮತ್ತು ವಾಹನದ ವಿಷಯದಲ್ಲಿಯೇ ಹೊರತು ಕಲಿಕೆಯಲ್ಲಿ ಅಲ್ಲ ಎಂದು ತಿಳಿಯಬಹುದು.

ಒಂದೇ ಮನೆಯ ಮಕ್ಕಳನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಏಕೆಂದರೆ ಅಸಮಾನತೆ ಮನೆ ಮನೆಗಳ ನಡುವೆ ಇರುವಂತೆ ಮನೆಯೊಳಗೂ ಇರುತ್ತದೆ. ತಮ್ಮ ಇಂಗ್ಲಿಷ್ ಮಾಧ್ಯಮಕ್ಕೂ ಅಕ್ಕ ಊರಿನ ಹೆಣ್ಣುಮಕ್ಕಳ ಶಾಲೆಗೂ ಹೋಗುವ ಮನೆಗಳು ಎಷ್ಟಿವೆ, ಅದಕ್ಕೆ ವಿರುದ್ಧವಾಗಿರುವ ಮನೆಗಳು ಎಷ್ಟಿವೆ ಎಂದು ಎಣಿಸಿದರೆ ಸಾಕು. ಯಾವ ವಾದವೂ ಬೇಕಾಗುವುದಿಲ್ಲ. ನಾನು ಕೇಳುವುದಾದರೆ ಎಲ್ಲಕ್ಕಿಂತ ಮೊದಲು ಈ ಅಂಕಿಯನ್ನೇ ಕೇಳುತ್ತೇನೆ.

ಖರ್ಚನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು. ಶುಲ್ಕವೊಂದನ್ನೇ ಕೇಳಿದರೆ ಅರ್ಧ ಮಾತ್ರ ತಿಳಿಯುತ್ತದೆ. ಪ್ರವೇಶದ ಸಮಯದಲ್ಲಿ ಕೊಟ್ಟ ಹಣ, ವಾಹನದ ಬಾಡಿಗೆ, ಎರಡು ಬಗೆಯ ಸಮವಸ್ತ್ರ, ಶೂ, ಶಾಲೆಯಲ್ಲೇ ಕೊಳ್ಳಬೇಕಾದ ಪುಸ್ತಕ, ಸಂಜೆಯ ಟ್ಯೂಷನ್, ನವೋದಯ ಅಥವಾ ಸೈನಿಕ ಶಾಲೆಯ ಪರೀಕ್ಷೆಗೆ ಕೋಚಿಂಗ್, ಇವೆಲ್ಲವನ್ನೂ ವರ್ಷದ ಲೆಕ್ಕದಲ್ಲಿ ಕೂಡಿಸಿ. ಇದರ ಜೊತೆಗೆ ಹಣ ಎಲ್ಲಿಂದ ಬಂತು ಎಂದು ಕೇಳಬೇಕು. ಕಬ್ಬಿನ ಬಿಲ್ಲು ಕೈಗೆ ಬರುವ ಕಾಲವೇ ಬೇರೆ, ಶಾಲೆಯ ಮೊದಲ ಕಂತು ಕಟ್ಟುವ ಕಾಲವೇ ಬೇರೆ. ನಡುವಿನ ಅಂತರವನ್ನು ಕೈಗಡ, ಸಂಘದ ಸಾಲ ಅಥವಾ ಒತ್ತೆಯಿಟ್ಟ ಬಂಗಾರ ತುಂಬುತ್ತದೆ. ಇಂತಹ ಸಾಲದ ಮೇಲೆ ನಿಂತ ಆಯ್ಕೆ ಎಷ್ಟು ದುರ್ಬಲ ಎಂಬುದನ್ನು ಇಡೀ ದೇಶದ ಅಂಕಿಗಳೇ ತೋರಿಸಿವೆ. ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ದಾಖಲಾತಿ ಮತ್ತು ಕಲಿಕೆಯನ್ನು ನೋಡುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ. 65.6, ಕೋವಿಡ್ ನಂತರದ 2022ರಲ್ಲಿ ಅದು ಶೇ. 72.9ಕ್ಕೆ ಏರಿ, 2024ರಲ್ಲಿ ಮತ್ತೆ ಶೇ. 66.8ಕ್ಕೆ ಇಳಿಯಿತು. ಅಷ್ಟು ಕಡಿಮೆ ಅವಧಿಯಲ್ಲಿ ಶಾಲೆಗಳ ಗುಣಮಟ್ಟ ಹಾಗೆ ಏರಿಳಿಯಲಾರದು. ಬದಲಾದದ್ದು ಮುಖ್ಯವಾಗಿ ಮನೆಗಳ ಆದಾಯ ಮತ್ತು ಶಾಲೆಗಳು ಮುಚ್ಚಿದ್ದ ಪರಿಸ್ಥಿತಿ.

ಹೆಸರು ಸಹಿತ ಪಟ್ಟಿಯನ್ನು ಎಲ್ಲೂ ಪ್ರಕಟಿಸಬಾರದು. ಗ್ರಾಮಸಭೆಯ ಮುಂದೆ ಮೊತ್ತಗಳು ಮಾತ್ರ ಬರಬೇಕು, ಯಾರ ಮನೆಯ ಸಾಲವೂ ಚರ್ಚೆಯ ವಸ್ತುವಾಗಬಾರದು.

ಫಲಿತಾಂಶವನ್ನು ಹೋಲಿಸುವಾಗ ಆಗುವ ತಪ್ಪು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಸ್ತೆಯ ಫಲಕಗಳಲ್ಲಿ ಕಾಣುವ ಶೇಕಡಾವಾರು ಅಂಕಿಗಳನ್ನು ಇಟ್ಟುಕೊಂಡು ಶಾಲೆಗಳನ್ನು ಹೋಲಿಸಬೇಡಿ. ಓದಿದ ತಂದೆತಾಯಿ, ಮನೆಯಲ್ಲಿ ಓದುವ ಜಾಗ, ಟ್ಯೂಷನ್, ಎಲ್‌ಕೆಜಿಯಿಂದಲೇ ಸಿಕ್ಕ ಆರಂಭ, ಇವೆಲ್ಲ ಇದ್ದ ಮಗು ಎಲ್ಲಿ ಓದಿದರೂ ಹೆಚ್ಚು ಅಂಕ ಪಡೆಯುವ ಸಾಧ್ಯತೆ ಇರುತ್ತದೆ. ಒಳಗೆ ಬರುವಾಗಲೇ ಮುಂದಿದ್ದ ಮಕ್ಕಳನ್ನು ಆರಿಸಿಕೊಂಡ ಶಾಲೆಯ ಫಲಿತಾಂಶದಲ್ಲಿ ಶಾಲೆ ಕಲಿಸಿದ್ದು ಎಷ್ಟು, ಮನೆ ಕೊಟ್ಟದ್ದು ಎಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ.

ಇದನ್ನು ಬೇರ್ಪಡಿಸಿ ನೋಡಿದ ಪ್ರಯೋಗವೊಂದು ನಮ್ಮ ನೆರೆಯಲ್ಲೇ ನಡೆದಿದೆ. ಅವಿಭಜಿತ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ 2008ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ಲಾಟರಿಯ ಮೂಲಕ ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಯ ವೆಚ್ಚ ಕೊಟ್ಟು ನೋಡಿದರು. ನಾಲ್ಕು ವರ್ಷಗಳ ನಂತರ ಲಾಟರಿ ಬಂದವರಿಗೂ ಬಾರದವರಿಗೂ ತೆಲುಗು ಮತ್ತು ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಗೆ ಹೋದವರು ಮುಂದಿದ್ದರು. ಇದೇ ಅಧ್ಯಯನ ಖಾಸಗಿ ಶಾಲೆಗಳ ಪರವಾಗಿಯೂ ಒಂದು ಮಾತು ಹೇಳುತ್ತದೆ: ಆ ಶಾಲೆಗಳು ಒಬ್ಬ ವಿದ್ಯಾರ್ಥಿಯ ಮೇಲೆ ಮಾಡುತ್ತಿದ್ದ ಖರ್ಚು ಸರ್ಕಾರಿ ಶಾಲೆಯ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿತ್ತು. ಎರಡನ್ನೂ ಗ್ರಾಮಸಭೆಯಲ್ಲಿ ಹೇಳಬೇಕು. ಅನುಕೂಲವಾದುದನ್ನಷ್ಟೇ ಹೇಳಿದರೆ ಪಾಲಕರ ನಂಬಿಕೆ ಹೋಗುತ್ತದೆ.

ನೀವು ಮಾಡಬಹುದಾದ ಸರಳ ಪರೀಕ್ಷೆಯೆಂದರೆ ಮೂರನೆಯ ಮತ್ತು ಐದನೆಯ ತರಗತಿಯ ಮಕ್ಕಳಿಗೆ, ಅವರ ಮನೆಯಲ್ಲಿಯೇ, ಎರಡನೆಯ ತರಗತಿ ಮಟ್ಟದ ಒಂದು ಕನ್ನಡ ಕಥೆಯನ್ನು ಓದಿಸುವುದು ಮತ್ತು ಎರಡಂಕಿಯ ಕಳೆಯುವ ಲೆಕ್ಕ, ಒಂದು ಭಾಗಾಕಾರ ಮಾಡಿಸುವುದು. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮತ್ತು ಉರ್ದು ಶಾಲೆಯ ಮಕ್ಕಳಿಗೆ ಅವರ ಭಾಷೆಯ ಪಾಠವನ್ನೇ ಕೊಡಿ. ತಾಯಿ ಎಷ್ಟನೆಯ ತರಗತಿವರೆಗೆ ಓದಿದ್ದಾರೆ ಎಂಬುದನ್ನು ಪಕ್ಕದಲ್ಲಿ ಬರೆದು, ತಾಯಿಯ ಓದು ಸಮನಾಗಿರುವ ಮನೆಗಳ ಮಕ್ಕಳನ್ನು ಮಾತ್ರ ಹೋಲಿಸಿ. ಹೀಗೆ ಹೋಲಿಸಿದಾಗ ಎರಡು ಬಗೆಯ ಶಾಲೆಗಳ ಅಂತರ ಎಷ್ಟು ಕಿರಿದಾಗುತ್ತದೆ ಎಂಬುದು ಆಯ್ಕೆ ಮಾಡುವ ಪಾಲಕರಿಗೆ ಅತ್ಯಂತ ಉಪಯುಕ್ತ ಮಾಹಿತಿ.

ಕೋಚಿಂಗ್ ವಿಷಯವನ್ನು ಇಲ್ಲಿಯೇ ಹೇಳಬೇಕು. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ, ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯಿದೆ, ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಇವು ಸಾರ್ವಜನಿಕ ಹಣದ ಸಂಸ್ಥೆಗಳು, ಇವುಗಳ ಬಾಗಿಲು ಪ್ರವೇಶ ಪರೀಕ್ಷೆ. ಆ ಪರೀಕ್ಷೆಗೆ ವರ್ಷಗಟ್ಟಲೆ ಹಣ ಕೊಟ್ಟು ತಯಾರಾಗುವ ಮಗುವಿನ ಎದುರು ತೋಟದ ಶಾಲೆಯ ಮಗು ಕುಳಿತುಕೊಳ್ಳುತ್ತದೆ. ಹೀಗೆ ಬಡಮಕ್ಕಳಿಗಾಗಿ ತೆರೆದ ಮೆಟ್ಟಿಲುಗಳೂ ಕೊಳ್ಳುವ ಶಕ್ತಿ ಇರುವವರ ಕಡೆಗೆ ವಾಲುತ್ತವೆ. ಐದನೆಯ ತರಗತಿಯ ಎಷ್ಟು ಮಕ್ಕಳು ಅರ್ಜಿ ಹಾಕಿದರು, ಅವರಲ್ಲಿ ಕೋಚಿಂಗ್ ಪಡೆದವರೆಷ್ಟು, ಆಯ್ಕೆಯಾದವರೆಷ್ಟು ಎಂಬ ಮೂರು ಅಂಕಿಗಳನ್ನು ಸೇರಿಸಿಕೊಳ್ಳಿ.

ನಿಯಮಗಳಿಂದ ಏನಾಗುತ್ತದೆ, ಏನಾಗುವುದಿಲ್ಲ

ಪೈಪೋಟಿಯ ಪರಿಣಾಮ ನಿಯಮದ ಮೇಲೆ ನಿಂತಿದೆ. ಚಿಲಿ ದೇಶ 1981ರಲ್ಲಿ ಮಗು ಹೋದ ಕಡೆಗೆ ಸರ್ಕಾರದ ಹಣ ಹೋಗುವ ವ್ಯವಸ್ಥೆ ತಂದಿತು. ಖಾಸಗಿ ಶಾಲೆಗಳಿಗೆ ಮಕ್ಕಳನ್ನು ಆರಿಸಿಕೊಳ್ಳಲು ಅವಕಾಶವಿತ್ತು, ಮುಂದೆ ಪಾಲಕರಿಂದ ಮೇಲಿನ ಶುಲ್ಕ ಪಡೆಯಲೂ ಅವಕಾಶವಾಯಿತು. ಮಧ್ಯಮ ವರ್ಗದ ಮಕ್ಕಳು ಪುರಸಭೆಯ ಶಾಲೆಗಳನ್ನು ಬಿಟ್ಟರು; ಒಟ್ಟಾರೆ ಸರಾಸರಿ ಕಲಿಕೆ ಏರಿದ ಪುರಾವೆ 2006ರಲ್ಲಿ ಪ್ರಕಟವಾದ ಪ್ರಮುಖ ಅಧ್ಯಯನಕ್ಕೆ ಸಿಗಲಿಲ್ಲ, ವಿಂಗಡಣೆ ಹೆಚ್ಚಿದ್ದು ಸಿಕ್ಕಿತು. 2008ರಲ್ಲಿ ಬಡಮಕ್ಕಳನ್ನು ಸೇರಿಸಿಕೊಂಡ ಶಾಲೆಗೆ ಹೆಚ್ಚು ಹಣ ಕೊಡುವ ಕಾನೂನು, 2015ರಲ್ಲಿ ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಆಯ್ಕೆ ಪರೀಕ್ಷೆ, ಲಾಭ ಮತ್ತು ಮೇಲಿನ ಶುಲ್ಕವನ್ನು ಹಂತಹಂತವಾಗಿ ತೆಗೆದುಹಾಕುವ ಕಾನೂನು ಬಂದವು.

ನಮ್ಮಲ್ಲಿ ಇದಕ್ಕೆ ಹತ್ತಿರವಾದ ನಿಯಮ, ಖಾಸಗಿ ಶಾಲೆಗಳು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಟ್ಟುಕೊಡಬೇಕಾದ ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟುಗಳದ್ದು. ಕರ್ನಾಟಕ ಇದನ್ನು 2012ರಿಂದ ಜಾರಿಗೆ ತಂದಿತ್ತು. 2019-20ನೆಯ ಸಾಲಿಗೆ ಮುಂಚೆ ನಿಯಮ ತಿದ್ದುಪಡಿಯಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಅನುದಾನರಹಿತ ಶಾಲೆಗೆ ಆ ಹೊಣೆ ಇಲ್ಲವೆಂದಾಯಿತು. ಉಚ್ಚ ನ್ಯಾಯಾಲಯ ಅದನ್ನು 2019ರಲ್ಲಿ ಎತ್ತಿಹಿಡಿಯಿತು. ಗಡಿಯಾಚೆಗಿನ ಕೊಲ್ಹಾಪುರ, ಸಾಂಗ್ಲಿಯಲ್ಲಿ ನೆಂಟರಿರುವ ಚಿಕ್ಕೋಡಿ, ಅಥಣಿಯವರಿಗೆ ವ್ಯತ್ಯಾಸ ಗೊತ್ತಿರಬಹುದು: ಮಹಾರಾಷ್ಟ್ರ 2024ರಲ್ಲಿ ತಂದ ಇಂಥದೇ ತಿದ್ದುಪಡಿಯನ್ನು ಬಾಂಬೆ ಉಚ್ಚ ನ್ಯಾಯಾಲಯ ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಬಡಮಕ್ಕಳು ಬಂದರೆ ಶಾಲೆಯ ಮಟ್ಟ ಕುಸಿಯುತ್ತದೆ ಎಂಬ ಮಾತಿಗೆ ದೆಹಲಿಯ ದೊಡ್ಡ ಖಾಸಗಿ ಶಾಲೆಗಳ ಮೇಲೆ ಗೌತಮ್ ರಾವ್ ನಡೆಸಿದ ಅಧ್ಯಯನ ಉತ್ತರ ಕೊಡುತ್ತದೆ: ಬಡ ಸಹಪಾಠಿಗಳೊಡನೆ ಕಲಿತ ಶ್ರೀಮಂತ ಮಕ್ಕಳ ಹಿಂದಿ, ಗಣಿತದ ಅಂಕಗಳು ಕುಸಿಯಲಿಲ್ಲ, ಅವರ ಔದಾರ್ಯ ಹೆಚ್ಚಿತು, ಬಡವರೊಡನೆ ಬೆರೆಯುವ ಹಿಂಜರಿಕೆ ಕಡಿಮೆಯಾಯಿತು. ಹಿಂದಿನ ನಿಯಮ ಮರಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದು ಬರುವವರೆಗೆ ಕಾಯ್ದೆಯ ಉಳಿದ ಕಲಮುಗಳನ್ನು ಬಳಸಬಹುದು. 13ನೆಯ ಕಲಮು ಮಗುವಿಗೂ ಪಾಲಕರಿಗೂ ಪ್ರವೇಶ ಪರೀಕ್ಷೆ, ಸಂದರ್ಶನ ಮಾಡುವುದನ್ನು ನಿಷೇಧಿಸುತ್ತದೆ; ಮೊದಲ ಉಲ್ಲಂಘನೆಗೆ 25,000 ರೂಪಾಯಿ, ನಂತರದ ಪ್ರತಿಯೊಂದಕ್ಕೆ 50,000 ರೂಪಾಯಿವರೆಗೆ ದಂಡವಿದೆ, ಡೊನೇಷನ್ ಪಡೆದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡವಿದೆ. ದೂರನ್ನು ಬರಹದಲ್ಲಿ ಬಿಇಒ ಅವರಿಗೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕೊಡಿ. ಶುಲ್ಕ ಕಟ್ಟಲಾಗದೆ ಊರಿನ ಶಾಲೆಗೆ ಮರಳುವ ಮಗುವಿನ ಟಿಸಿ ಸಿಕ್ಕಿಲ್ಲವೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ. 5ನೆಯ ಕಲಮು ಇದನ್ನು ಸ್ಪಷ್ಟಪಡಿಸುತ್ತದೆ. ಈ ಒಂದು ವಿಷಯವನ್ನು ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವುದು ಒಳ್ಳೆಯದು.

ಊರಿನ ಶಾಲೆಯಲ್ಲಿ ಮೊದಲು ಯಾವುದಕ್ಕೆ ಕೈಹಾಕಬೇಕು

ಎಣಿಕೆಯಲ್ಲಿ ಪಾಲಕರು ಹೇಳಿದ ಕಾರಣಗಳೇ ಇಲ್ಲಿ ದಾರಿ ತೋರಿಸುತ್ತವೆ. ನಾಲ್ಕನೆಯ ವಯಸ್ಸಿಗೆ ಎಲ್‌ಕೆಜಿಗೆ ಸೇರಿದ ಮಗುವನ್ನು ಒಂದನೆಯ ತರಗತಿಗೆ ಮರಳಿ ಕರೆತರುವುದು ಕಷ್ಟ. ಆದ್ದರಿಂದ ಸರ್ಕಾರಿ ಶಾಲೆಯಲ್ಲಿ ಪೂರ್ವ ಪ್ರಾಥಮಿಕ ತರಗತಿಗೆ ಮಂಜೂರಾತಿ ಕೇಳುವುದು, ಅಲ್ಲಿಯವರೆಗೆ ಅಂಗನವಾಡಿಯನ್ನು ಗಟ್ಟಿಗೊಳಿಸುವುದು ಉಳಿದೆಲ್ಲಕ್ಕಿಂತ ಮೊದಲ ಕೆಲಸ. ಇಂಗ್ಲಿಷ್ ಬೇಕೆಂಬ ಪಾಲಕರೊಡನೆ ಮಾಧ್ಯಮದ ವಾದಕ್ಕೆ ಇಳಿಯಬೇಡಿ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿದೆ. ಕನ್ನಡದಲ್ಲಿ ಓದುತ್ತಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಯಬಹುದು ಎಂಬುದನ್ನು ಮಕ್ಕಳ ಬಾಯಿಂದಲೇ, ಪಾಲಕರ ಸಭೆಯಲ್ಲಿ, ತೋರಿಸಬೇಕು. ವಾಹನದ ವಿಷಯದಲ್ಲಿ ನಾಲ್ಕಾರು ವಸ್ತಿಗಳ ಪಾಲಕರು ಸೇರಿ ಒಂದು ಟಂಟಂ ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಇವನ್ನೆಲ್ಲ ಕಾಯ್ದೆಯ 22ನೆಯ ಕಲಮಿನ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿ. ಎಸ್‌ಡಿಎಂಸಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕೆಂಬುದು ಕಾನೂನು. ತಾಂಡಾ ಮತ್ತು ತೋಟದ ವಸ್ತಿಯ ತಾಯಂದಿರು ಸಭೆಗೆ ಬರುವ ಹೊತ್ತಿಗೆ, ಅಂದರೆ ಕೂಲಿ ಮುಗಿದ ಸಂಜೆಗೆ, ಸಭೆ ಇಡುವುದು ನಿಮ್ಮ ಕೈಯಲ್ಲಿದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಖಾಸಗಿ ಎಂದರೆ ವ್ಯಾಪಾರ ಎಂದು ತಿಳಿಯುವುದೂ ಸರಿಯಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿಎಲ್‌ಡಿಇ 1910ರಲ್ಲಿ, ಬೆಳಗಾವಿಯ ಕೆಎಲ್‌ಇ 1916ರಲ್ಲಿ ಹುಟ್ಟಿದ್ದು ಶಾಲೆಯೇ ಇಲ್ಲದ ಕಾಲದಲ್ಲಿ ಮಕ್ಕಳಿಗೆ ಓದು ಸಿಗಲಿ ಎಂದು. ನಿಮ್ಮ ಭಾಗದ ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗಳಿಗೆ ಎಣಿಕೆಯ ಮೊತ್ತಗಳನ್ನು ತೋರಿಸಿ, ಗುಳೆ ಹೋಗುವ ಕುಟುಂಬದ ಮಕ್ಕಳಿಗೆ ವಸತಿ ನಿಲಯದಲ್ಲಿ ಜಾಗ, ಪ್ರವೇಶ ಪರೀಕ್ಷೆಗೆ ಕೂರುವ ಬಡಮಕ್ಕಳಿಗೆ ಉಚಿತ ಪಾಠ, ಇಂಗ್ಲಿಷ್ ಶಿಕ್ಷಕರ ವಾರದ ಭೇಟಿ ಇವನ್ನು ನಿರ್ದಿಷ್ಟವಾಗಿ ಕೇಳಿ.

ಮುಂದಿನ ಜುಲೈನಲ್ಲಿ ಅದೇ ಪ್ರಶ್ನೆಗಳೊಡನೆ ಅದೇ ಮನೆಗಳಿಗೆ ಹೋಗಬೇಕು. ಆಗ ಒಟ್ಟು ದಾಖಲಾತಿಯನ್ನು ಮಾತ್ರ ನೋಡಿದರೆ ಸಾಲದು, ಏಕೆಂದರೆ ಪಕ್ಕದ ಊರಿನ ಶಾಲೆಯಿಂದ ಮಕ್ಕಳನ್ನು ಸೆಳೆದರೂ ಅದು ಏರುತ್ತದೆ. ಅಕ್ಕ ತಮ್ಮ ಬೇರೆ ಬೇರೆ ಶಾಲೆಗೆ ಹೋಗುವ ಮನೆಗಳ ಸಂಖ್ಯೆ, ಜನವರಿಯಲ್ಲಿ ಶಾಲೆಯಲ್ಲೇ ಉಳಿದ ತಾಂಡಾದ ಮಕ್ಕಳ ಸಂಖ್ಯೆ, ಕಥೆ ಓದಲು ಬಂದ ಮೂರನೆಯ ತರಗತಿಯ ಮಕ್ಕಳ ಸಂಖ್ಯೆ, ಸಾಲ ಮಾಡಿ ಶುಲ್ಕ ಕಟ್ಟಿದ ಮನೆಗಳ ಸಂಖ್ಯೆ, ಈ ನಾಲ್ಕನ್ನು ಹಿಂದಿನ ವರ್ಷದ ಪಕ್ಕದಲ್ಲಿ ಬರೆದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತವಾಗಿ ಕೊಡಿ.